ಬರಿಯ ನೆಗಡಿಯಲ್ಲ

ಬನದ ಹುಣ್ಣಿಮೆ ಸಮೀಪಿಸಿತೆಂದರೆ ಬಾಗಲಕೋಟೆ, ಹುನಗುಂದ, ಇಳಕಲ್ಲುಗಳ ಜನ ಮಕ್ಕಳನ್ನು ಹೆಗಲಿಗೇರಿಸಿಕೊಂಡು ಬಾದಾಮಿಯ ಬನಶಂಕರಿ ಜಾತ್ರೆಗೆ ಹೊರಡುತ್ತಾರೆ. ಹಿಂತಿರುಗಿದ ಎರಡು ಮೂರು ದಿನಗಳಲ್ಲಿ ಮಗುವಿನ ಮೈ ಸುಟ್ಟರೆ, "ಏನಿಲ್ಲ, ನೆಗಡಿ ಆಗೈತಿ" ಎಂದು ಶುಂಠಿ ಕಷಾಯ ಕಾಯಿಸುವ ಅಜ್ಜಿಯನ್ನು ನಾನು ಹಳಿಯಲಾರೆ. ನಾನೂ ಆ ಕಷಾಯದಲ್ಲೇ ಬೆಳೆದವನು. ಆದರೆ ನೆಗಡಿ ಮೆಲ್ಲಗೆ ಬರುತ್ತದೆ, ಇನ್‌ಫ್ಲುಯೆಂಜಾ ಥಟ್ಟನೆ ಎರಗುತ್ತದೆ. ಬೆಳಿಗ್ಗೆ ಆಡುತ್ತಿದ್ದ ಮಗು ಸಂಜೆಗೆ ಏರುಜ್ವರ, ಮೈಕೈನೋವು, ಒಣಕೆಮ್ಮುಗಳಿಂದ ಸೊರಗುತ್ತದೆ. ಉಸಿರು ವೇಗವಾದರೆ, ಪಕ್ಕೆ ಒಳಸೆಳೆದರೆ, ತುಟಿ ನೀಲಿಗಟ್ಟಿದರೆ, ಮಗು ನೀರೊಲ್ಲದೆ ಮಂಕಾದರೆ, ಇಳಿದ ಜ್ವರ ಮತ್ತೆ ಏರಿದರೆ ಕಷಾಯದ ಕಾಲ ಮುಗಿಯಿತು. ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಆಸ್ಪಿರಿನ್ ಮಾತ್ರೆಯನ್ನಂತೂ ಮಕ್ಕಳಿಗೆ ಕೊಡಲಾಗದು.

1918ರಲ್ಲಿ ಈ ವ್ಯಾಧಿ ಮುಂಬಯಿ ಬಂದರಿನಿಂದ ಹಬ್ಬಿ ದೇಶದಲ್ಲಿ ಕೋಟಿಗೂ ಮಿಕ್ಕ ಜನರನ್ನು ಬಲಿತೆಗೆದುಕೊಂಡಿತು. ನಮ್ಮ ಈ ಸೀಮೆ ಅಂದು ಮುಂಬಯಿ ಪ್ರಾಂತ್ಯದಲ್ಲೇ ಇತ್ತು. ಆಗ ಲಸಿಕೆಯಿರಲಿಲ್ಲ. ಈಗ ಆರು ತಿಂಗಳು ತುಂಬಿದ ಕೂಸಿಗೂ ಹಾಕಿಸಬಹುದು. ಎಳೆಯರಿಗೆ ಮೊದಲ ವರ್ಷ ನಾಲ್ಕು ವಾರಗಳ ಅಂತರದಲ್ಲಿ ಎರಡು ಸಲ. ವೈರಸ್ಸು ಬಯಲಾಟದ ಪಾತ್ರಧಾರಿಗಿಂತ ಚುರುಕಾಗಿ ವೇಷ ಬದಲಿಸುವುದರಿಂದ ವರ್ಷವರ್ಷವೂ ಹಾಕಿಸಬೇಕು. ರಕ್ಷಣೆ ಮೂಡಲು ಸುಮಾರು ಎರಡು ವಾರ ಹಿಡಿಯುತ್ತದೆ. ತೇರಿನ ಮುನ್ನಾದಿನ ವೈದ್ಯರ ಬಾಗಿಲು ತಟ್ಟಿದರೆ ಅದು ಆ ಜಾತ್ರೆಗೆ ಒದಗದು.