ಕಟ್ಟಿದವರ ಹೆಸರು ಮೊದಲೇ ಬರೆಯಿರಿ
(ಹೊಸಪೇಟೆಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣ)



ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಮುಗೀತು. ಎಂಜಿನಿಯರುಗಳ ಹೆಸರು ಪುಸ್ತಕದಲ್ಲಿದೆ. ಕಲ್ಲು ಹೊತ್ತವರ ಹೆಸರು ಎಲ್ಲಿದೆ? ಇವತ್ತು ಹೊಸಪೇಟೆಯ ಲಾಡ್ಜು, ಹಂಪಿ ಸುತ್ತಿನ ಹೋಟೆಲು, ಸಂಡೂರು ಕಡೆಯ ಕಾರ್ಖಾನೆ, ಕಂಪ್ಲಿಯ ಗೋದಾಮು ಕಟ್ಟೋ ನಮ್ಮ ಅಪ್ಪ ಅವ್ವಂದಿರ ಹೆಸರು ಮೇಸ್ತ್ರಿಯ ಜೇಬಿನ ಚೀಟಿಯಲ್ಲಿರುತ್ತೆ. ಮೇಸ್ತ್ರಿ ಊರು ಬಿಟ್ಟರೆ ಚೀಟಿಯೂ ಹೋಯ್ತು, ಕೂಲಿಯೂ ಹೋಯ್ತು.

ಅಂಗಿ ಹೊಲಿದ ದರ್ಜಿ ಕೂಲಿ ಕೊಡೋವರೆಗೂ ಅಂಗಿ ಹಿಡಿದಿಟ್ಟುಕೊಳ್ಳಬಹುದು. 1872ರ ಕರಾರು ಕಾಯಿದೆಯ 170ನೇ ಕಲಂ ಕೊಟ್ಟ ಹಕ್ಕು ಅದು. ಗೋಡೆ ಕಟ್ಟಿದವನು ಗೋಡೆ ಹೊತ್ತುಕೊಂಡು ಹೋಗೋಕಾಗುತ್ತಾ?

ಅಮೆರಿಕದ ಮೇರಿಲ್ಯಾಂಡಿನಲ್ಲಿ 1791ರಲ್ಲೇ ಕಟ್ಟಿದವರ ಬಾಕಿಗೆ ಕಟ್ಟಡದ ಮೇಲೇ ಹಕ್ಕು ಕೊಟ್ಟರು. ಕ್ಯಾಲಿಫೋರ್ನಿಯಾದಲ್ಲಿ ಉಪಗುತ್ತಿಗೆದಾರರು, ಸಾಮಾನು ಕೊಟ್ಟವರು ತಮ್ಮ ಕೆಲಸ ಶುರುವಾದ 20 ದಿನದೊಳಗೆ ಮಾಲೀಕನಿಗೆ ನೋಟಿಸು ಕೊಡಬೇಕು. ಕೂಲಿಯವರಿಗೆ ಆ ಕಟ್ಟುಪಾಡಿಲ್ಲ. ನೋಟಿಸಿನ ತಿರುಳು ಇಷ್ಟೇ: ನಿನ್ನ ಜಾಗದಲ್ಲಿ ನಾನು ದುಡೀತಿದ್ದೀನಿ, ಆಮೇಲೆ ಗೊತ್ತಿಲ್ಲ ಅನ್ನಬೇಡ.

ನಮ್ಮಲ್ಲಿ ಕೂಲಿಯವರಿಗೆ ಕಟ್ಟಡದ ಮೇಲೆ ಅಂಥ ಹಕ್ಕಿಲ್ಲ. ಹಾಗಂತ ಕೈಕಟ್ಟಿ ಕೂರಬೇಕಾಗಿಲ್ಲ. ದೆಹಲಿಯ ಏಷ್ಯಾಡ್ ಕಟ್ಟಡಗಳ ಕೂಲಿಗಾರರ ಮೊಕದ್ದಮೆಯಲ್ಲಿ, 1982ರಲ್ಲಿ, ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸೋದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಅಂತ ಸುಪ್ರೀಂ ಕೋರ್ಟು ಹೇಳಿತು. ಗುತ್ತಿಗೆದಾರನ ಕಡೆ ಬೆರಳು ತೋರಿಸಿ ಸರ್ಕಾರ ಜಾರಿಕೊಳ್ಳೋ ಹಾಗಿಲ್ಲ ಅಂತಲೂ ಹೇಳಿತು. 2025ರ ನವೆಂಬರ್ 21ರಿಂದ ಜಾರಿಯಲ್ಲಿರೋ ವೇತನ ಸಂಹಿತೆಯ 43ನೇ ಕಲಮಿನ ಪ್ರಕಾರ, ಕೆಲಸ ಕೊಟ್ಟವನು ಕೂಲಿ ಕೊಡದಿದ್ದರೆ ಸಂಸ್ಥೆಯ ಮಾಲೀಕನೇ ಹೊಣೆ. ಅರ್ಜಿ ಹಾಕಲು 3 ವರ್ಷ ಕಾಲಾವಕಾಶ. ಕೂಲಿ ಕೊಟ್ಟಿದ್ದೇವೆ ಅಂತ ರುಜುವಾತು ಮಾಡಬೇಕಾದವರು ಅವರೇ.

ಆದರೆ "ಈ ಮನುಷ್ಯ ಇಲ್ಲಿ ದುಡಿದೇ ಇಲ್ಲ" ಅಂದುಬಿಟ್ಟರೆ?

ಅಲ್ಲಿ ಬೇಕು ನಿಮ್ಮ ಪೆನ್ನು. ಕೆಲಸಕ್ಕೆ ಹೋದ ಮೊದಲ ವಾರವೇ ಮಾಲೀಕನಿಗೆ ಒಂದು ಕಾಗದ ಬರೆಯಿರಿ. ಕೂಲಿಯವರ ಹೆಸರು, ಕೆಲಸದ ಜಾಗ, ಮೇಸ್ತ್ರಿಯ ಹೆಸರು, ಶುರುವಾದ ತಾರೀಖು, ಒಪ್ಪಿದ ದಿನಗೂಲಿ, ಇಷ್ಟು ಸಾಕು. ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ನಕಲು, ರಸೀದಿ ಇಟ್ಟುಕೊಳ್ಳಿ. ಹಾಜರಿ ದಿನಾ ಬರೆದಿಡಿ. ಒಬ್ಬರ ಹೆಸರಲ್ಲಿ ಬೇಡ, ತಂಡದ ಎಲ್ಲರ ಹೆಸರಲ್ಲಿ ಬರೆಯಿರಿ. ಒಬ್ಬನನ್ನ ಕೆಲಸದಿಂದ ಓಡಿಸೋದು ಸುಲಭ. 2021ರಿಂದ ಹೊಸಪೇಟೆ, ಹಂಪಿ ವಿಜಯನಗರ ಜಿಲ್ಲೆಯಲ್ಲಿವೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿವೆ. ಜಾಗ ನೋಡಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.

ಈ ಕಾಗದ ಬರೀಲೇಬೇಕು ಅಂತ ಯಾವ ಕಾಯಿದೆಯೂ ಹೇಳಿಲ್ಲ. ಬರೆಯಬೇಡ ಅಂತಲೂ ಹೇಳಿಲ್ಲ. ಕೂಲಿ ಮಾಡಿ ನಮ್ಮನ್ನ ಓದಿಸಿದ್ದಾರೆ. ಈ ರಜೆಗೆ ಊರಿಗೆ ಹೋದಾಗ ಆ ಓದಿನಿಂದ ಅವರಿಗೊಂದು ಕಾಗದ ಬರೆದುಕೊಡಿ.