ಶುರುವಾದ ಕೂಡಲೇ ನಿಲ್ಲೋ ವಾಷಿಂಗ್ ಮಷೀನ್

ಇವತ್ತಿನ ಎಪಿಸೋಡ್ ಗೌನಿಪಲ್ಲಿಯ ನಮ್ಮನೆ ಬಚ್ಚಲಿಂದ.

ಮಷೀನ್ ಆನ್ ಮಾಡಿದ್ರೆ ಡೋರ್ ಲಾಕ್ ಆಗುತ್ತೆ, ನೀರು ಸಣ್ಣಗೆ ಬರುತ್ತೆ, ಕೆಲವೇ ನಿಮಿಷಕ್ಕೆ ಬೀಪ್ ಅಂತ ನಿಂತುಬಿಡುತ್ತೆ. ಮೆಕ್ಯಾನಿಕ್ ಫೋನಲ್ಲೇ "ಬೋರ್ಡ್ ಹೋಗಿದೆ, 4,000 ಆಗುತ್ತೆ" ಅಂದ್ರು. ಮಂಡಿನೋವಿನ ಅಮ್ಮ ಮತ್ತೆ ಒಗೆಯೋ ಕಲ್ಲಿನ ಮುಂದೆ ನಿಂತ್ರು. ಅದನ್ನ ನೋಡೋಕಾಗ್ಲಿಲ್ಲ.

ನಾನು ಬಿಕಾಂ. ದುಡ್ಡು ಕೊಡೋ ಮೊದಲು ಲೆಕ್ಕ ನೋಡೋದು ಅಭ್ಯಾಸ. ನಿಗದಿತ ಸಮಯದಲ್ಲಿ ನೀರು ತುಂಬದಿದ್ರೆ ಮಷೀನ್ ತಾನೇ ನಿಲ್ಲುತ್ತೆ. ಹಾಗಾದ್ರೆ ಮೊದಲು ನೀರು ಚೆಕ್ ಮಾಡ್ಬೇಕು ತಾನೇ? ಪ್ಲಗ್ ಕಿತ್ತು, ನಲ್ಲಿ ನಿಲ್ಲಿಸಿ, ಹಿಂದಿನ ಪೈಪ್ ಬಿಚ್ಚಿದೆ. ಒಳಗಿನ ಪುಟ್ಟ ಜಾಲರಿ ತುಂಬಾ ಮರಳು, ಬಿಳಿ ಸುಣ್ಣದ ಪೊರೆ. ಕೋಲಾರದಲ್ಲಿ ವರ್ಷಪೂರ್ತಿ ಹರಿಯೋ ನದಿ ಒಂದೂ ಇಲ್ಲ. ನಮ್ಮನೆಗೆ ಬರೋದು ಬೋರ್‌ವೆಲ್‌ನ ಗಡಸು ನೀರು. ಇಕ್ಕಳದಲ್ಲಿ ಜಾಲರಿ ಎಳೆದು, ನಿಂಬೆರಸದಲ್ಲಿ ಅರ್ಧ ಗಂಟೆ ನೆನೆಸಿ, ಹಳೇ ಬ್ರಶ್‌ನಲ್ಲಿ ಉಜ್ಜಿದೆ.

ಮಷೀನ್ ಓಡ್ತು. ಖರ್ಚು, ಎರಡು ನಿಂಬೆಹಣ್ಣು.

ಜಾಲರಿ ಕ್ಲೀನ್ ಇದ್ರೂ ನಿಂತ್ರೆ ಟ್ಯಾಂಕ್ ಎತ್ತರ ನೋಡಿ. 3 ಮೀಟರ್ ಎತ್ತರದಿಂದ ಸಿಗೋದು ಸುಮಾರು 0.3 ಬಾರ್ ಪ್ರೆಶರ್ ಅಷ್ಟೇ. ನಿಮ್ಮ ಮಷೀನ್‌ಗೆ ಎಷ್ಟು ಬೇಕು ಅನ್ನೋದು ಮ್ಯಾನ್ಯುಯಲ್‌ನಲ್ಲಿರುತ್ತೆ. ಬೋರ್ಡ್ ಬಿಚ್ಚೋಕೆ ಮಾತ್ರ ನೀವೇ ಹೋಗ್ಬೇಡಿ. ಸಿಗೋಣ!