ಮನೆಯೊಳಗಣ ಸಿಡಿಲು



ಒಣಹವೆಯ ದಿನಗಳಲ್ಲಿ ತಲೆ ಬಾಚುವಾಗ ಕೂದಲು ಬಾಚಣಿಗೆಯ ಬೆನ್ನುಹತ್ತಿ ಚಟಚಟನೆ ಸದ್ದಾಗುವುದನ್ನು ತಾವೆಲ್ಲರೂ ಕೇಳಿರುವಿರಿ. ಆ ಸದ್ದನ್ನು ಹುಟ್ಟಿಸುವ ಕಿಡಿಯಲ್ಲಿ ಸಾವಿರಾರು ವೋಲ್ಟುಗಳ ಒತ್ತಡವಿದೆಯೆಂದರೆ ಕೆಲವರಿಗೆ ಸೋಜಿಗವಾದೀತು. ಸಾವಿರಾರು ವೋಲ್ಟುಗಳು ನಮ್ಮ ತಲೆಯ ಮೇಲೆಯೇ ಆಡಿಹೋದರೂ ನಮಗೇನೂ ಆಗುವುದಿಲ್ಲ. ಗೋಡೆಯ ಸಾಕೆಟ್ಟಿನ 230 ವೋಲ್ಟುಗಳಾದರೋ ಪ್ರಾಣವನ್ನೇ ಕೊಂಡೊಯ್ಯಬಲ್ಲವು. ಈ ಒಗಟನ್ನು ಬಿಡಿಸಿಕೊಳ್ಳದೆಯೇ ಮನೆಯಲ್ಲಿ ಅಧಿಕ ಒತ್ತಡದ ವಿದ್ಯುತ್ ಪ್ರಯೋಗಗಳಿಗೆ ಕೈಹಾಕುವ ಉತ್ಸಾಹಿಗಳು ಹಲವರು. ಅವರನ್ನೂ ಅವರ ಹಿರಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಸಂಜೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ.

ಈ ಹವ್ಯಾಸವು ಹೊಸದಲ್ಲ. 1745ರಲ್ಲಿ ಪೊಮೆರೇನಿಯದ ಫಾನ್ ಕ್ಲೈಸ್ಟನೂ, ಮರುವರ್ಷದ ಮೊದಲಲ್ಲಿ ಹಾಲೆಂಡಿನ ಲೈಡನ್ ಪಟ್ಟಣದ ಪ್ರಾಧ್ಯಾಪಕ ಮುಷೆನ್‌ಬ್ರೂಕನೂ ಗಾಜಿನ ಪಾತ್ರೆಯಲ್ಲಿ ವಿದ್ಯುತ್ತನ್ನು ಕೂಡಿಡುವ ಉಪಾಯವನ್ನು ಬೇರೆ ಬೇರೆಯಾಗಿ ಕಂಡುಕೊಂಡರು. ಲೈಡನ್ ಜಾಡಿಯೆಂದು ಹೆಸರಾದುದು ಇದೇ. ಅದರ ಆಘಾತಕ್ಕೆ ಸಿಕ್ಕಿದ ಮುಷೆನ್‌ಬ್ರೂಕನು ಪ್ಯಾರಿಸ್ಸಿನ ವಿದ್ವಾಂಸ ರೇಯೊಮ್ಯೂರನಿಗೆ ಪತ್ರ ಬರೆದು, ಈ ಪ್ರಯೋಗವು ಭಯಂಕರವಾದುದು, ತಾವು ಮಾತ್ರ ಇದನ್ನು ಮಾಡಿ ನೋಡಬೇಡಿರೆಂದು ಎಚ್ಚರಿಸಿದನು. ಎಚ್ಚರಿಕೆಯೇ ಆಹ್ವಾನವಾಯಿತು! ಅದೇ 1746ರಲ್ಲಿ ನೊಲೆ ಎಂಬ ಪಾದ್ರಿಯು ಫ್ರಾನ್ಸಿನ ದೊರೆಯ ಮುಂದೆ 180 ಮಂದಿ ಕಾವಲುಭಟರನ್ನು ಕೈಕೈ ಹಿಡಿಸಿ ನಿಲ್ಲಿಸಿ, ಜಾಡಿಯ ಆಘಾತವನ್ನು ಅವರ ಮೂಲಕ ಹಾಯಿಸಿದನು. ಭಟರೆಲ್ಲರೂ ಒಮ್ಮೆಗೇ ಜಿಗಿದರು. ನೋಡಿದವರಿಗೆ ಅದೊಂದು ವಿನೋದ.

ವಿನೋದವು ಎಲ್ಲಿ ಮುಗಿಯುವುದೆಂಬುದನ್ನು ಬೆಂಜಮಿನ್ ಫ್ರಾಂಕ್ಲಿನ್ನನು 1750ರ ಡಿಸೆಂಬರಿನಲ್ಲಿ ಕಂಡನು. ಎರಡು ದೊಡ್ಡ ಜಾಡಿಗಳ ವಿದ್ಯುತ್ತಿನಿಂದ ಟರ್ಕಿ ಕೋಳಿಯೊಂದನ್ನು ಕೊಲ್ಲಹೊರಟವನು, ನೆರೆದವರ ಮಾತಿನ ನಡುವೆ ಮೈಮರೆತು, ಒಂದು ಕೈಯಿಂದ ಜಾಡಿಗಳ ತಂತಿಯನ್ನೂ ಇನ್ನೊಂದು ಕೈಯಿಂದ ಅವುಗಳ ಹೊರಮೈಗೆ ಕೂಡಿದ್ದ ಸರಪಣಿಯನ್ನೂ ಹಿಡಿದುಬಿಟ್ಟನು. ಬೆಳಕು ಬಹಳ ದೊಡ್ಡದಾಗಿತ್ತು, ಸದ್ದು ಪಿಸ್ತೂಲಿನಂತಿತ್ತು ಎಂದು ನೋಡಿದವರು ಹೇಳಿದರು. ಆತನು ಮಾತ್ರ ಬೆಳಕನ್ನೂ ಕಾಣಲಿಲ್ಲ, ಸದ್ದನ್ನೂ ಕೇಳಲಿಲ್ಲ. ಆ ಕಾಲದಲ್ಲಿ ವಿದ್ಯುತ್ತನ್ನು ಆತನಷ್ಟು ಬಲ್ಲವರು ಅಪರೂಪ. ಹಗಲು ಕಂಡ ಬಾವಿಗೆ ಇರುಳು ಬಿದ್ದಂತಾಯಿತು.

ಫ್ರಾಂಕ್ಲಿನ್ನನು ಬದುಕಿದನು, ರಿಖ್ಮನ್ ಬದುಕಲಿಲ್ಲ. ಸೇಂಟ್ ಪೀಟರ್ಸ್‌ಬರ್ಗಿನ ಈ ವಿಜ್ಞಾನಿಯು ಮಾಡಿನ ಮೇಲೆ ಕಬ್ಬಿಣದ ಸರಳೊಂದನ್ನು ನಿಲ್ಲಿಸಿ, ಮುಗಿಲಿನ ವಿದ್ಯುತ್ತನ್ನು ಅಳೆಯಲೆಂದು ಅದನ್ನು ತನ್ನ ಮನೆಯೊಳಗಿನ ಉಪಕರಣಕ್ಕೆ ಕೂಡಿಸಿದ್ದನು. ವಿದ್ಯುತ್ತು ಸಂಗ್ರಹವಾಗಬೇಕಾದುದರಿಂದ ಸರಳಿಗೂ ನೆಲಕ್ಕೂ ಸಂಬಂಧವಿಟ್ಟಿರಲಿಲ್ಲ. 1753ರ ಆಗಸ್ಟ್ 6ರಂದು ಗುಡುಗು ಕೇಳಿ, ಚಿತ್ರಕೆತ್ತನೆಗಾರ ಸೊಕೊಲೋವನೊಡನೆ ಮನೆಗೆ ಬಂದು ಉಪಕರಣದ ಬಳಿ ನಿಂತನು. ನೀಲಿಬಣ್ಣದ ಬೆಂಕಿಯ ಉಂಡೆಯೊಂದು ಹೊರಟು ಆತನ ಹಣೆಗೆ ಬಡಿಯಿತೆಂದು ಬದುಕುಳಿದ ಸೊಕೊಲೋವನು ಹೇಳಿದನು. ನೆಲಕ್ಕೆ ದಾರಿ ಕಾಣದ ಸಿಡಿಲು ರಿಖ್ಮನ್ನನ ಶರೀರವನ್ನೇ ದಾರಿಮಾಡಿಕೊಂಡಿತು.

ಇನ್ನು ಮೊದಲಿನ ಒಗಟಿಗೆ ಬರೋಣ. ವೋಲ್ಟು ಎಂಬುದು ನೀರಿನ ಎತ್ತರವಿದ್ದಂತೆ. ಆಂಪಿಯರು ಹರಿವಿನ ಪ್ರಮಾಣವಿದ್ದಂತೆ. ಗೋಪುರದ ತುದಿಯಿಂದ ಬಿದ್ದ ಒಂದು ಹನಿ ಯಾರನ್ನೂ ನೋಯಿಸದು; ಅಷ್ಟೇನೂ ಎತ್ತರವಿಲ್ಲದ ಕೆರೆಯ ಏರಿ ಒಡೆದರೆ ಊರೇ ಕೊಚ್ಚಿಹೋಗುವುದು. ಬಾಚಣಿಗೆಯ ಕಿಡಿ ಆ ಹನಿ. ಮನೆಯ ತಂತಿಯ ಹಿಂದಿರುವುದು ಕೆರೆ. ಒಂದು ಆಂಪಿಯರಿನ ಸಾವಿರದಲ್ಲೊಂದು ಪಾಲು ಮೈಯಲ್ಲಿ ಹರಿದರೆ ಜುಮ್ಮೆನ್ನುವುದು. ಹತ್ತು ಹದಿನೈದು ಪಾಲಾದರೆ ಸ್ನಾಯುಗಳು ಸೆಟೆದು ಹಿಡಿದ ತಂತಿಯನ್ನು ಬಿಡಲಾಗದು. ಸುಮಾರು ಐವತ್ತು ಪಾಲು ಎದೆಯ ಮೂಲಕ ಒಂದೆರಡು ಕ್ಷಣ ಹರಿದರೂ ಹೃದಯವು ಕ್ರಮವಾಗಿ ಮಿಡಿಯುವುದನ್ನು ಬಿಟ್ಟು ಬರಿದೇ ನಡುಗತೊಡಗಬಹುದು. ಹತ್ತು ವಾಟಿನ ಮಲಗುವ ಕೋಣೆಯ ದೀಪವು ಎಳೆದುಕೊಳ್ಳುವ ಪ್ರವಾಹ ಹೆಚ್ಚುಕಡಿಮೆ ಇಷ್ಟೇ. ಇಷ್ಟು ಅಲ್ಪ ಪ್ರವಾಹಕ್ಕೆ ಮನೆಯ ಫ್ಯೂಸು ಹೋಗಲಾರದು.

ಹಳೆಯ ಬಗೆಯ ಮೈಕ್ರೋವೇವ್ ಒಲೆಯೊಳಗಿನ ಟ್ರಾನ್ಸ್‌ಫಾರ್ಮರು ಮನೆಯ ವಿದ್ಯುತ್ತನ್ನು ಸುಮಾರು 2000 ವೋಲ್ಟುಗಳಿಗೆ ಏರಿಸುವುದು. ಇಲ್ಲಿ ಎತ್ತರವೂ ಉಂಟು, ಕೆರೆಯೂ ಉಂಟು. ಇದನ್ನು ಕಳಚಿ, ಹಸಿಮಾಡಿದ ಹಲಗೆಯ ಮೇಲೆ ಮರದ ಕೊಂಬೆಗಳಂತಹ ಸುಟ್ಟ ಚಿತ್ತಾರಗಳನ್ನು ಮೂಡಿಸುವ ಹವ್ಯಾಸವೊಂದು ಹಬ್ಬಿದೆ. ಚಿತ್ತಾರಗಳು ಅಂದವಾಗಿವೆ, ನಿಜ. ಆದರೆ ಅವುಗಳಿಗಾಗಿ ಅನೇಕರು ಸತ್ತಿದ್ದಾರೆ. ಅಮೆರಿಕದ ಮರಕಡೆತದವರ ಸಂಘವು 2017ರಲ್ಲಿ ತನ್ನ ಸಮಾರಂಭಗಳಲ್ಲಿ ಇದನ್ನು ನಿಷೇಧಿಸಿತು. ಮನೆಯಲ್ಲಿ ಸೋರಿಕೆಯ ಪ್ರವಾಹವನ್ನು ಕಂಡೊಡನೆ ವಿದ್ಯುತ್ತನ್ನು ಕಡಿಯುವ ಸಾಧನವಿದೆಯಲ್ಲವೇ ಎಂದು ಯಾರಾದರೂ ಕೇಳಬಹುದು. ಟ್ರಾನ್ಸ್‌ಫಾರ್ಮರಿನ ಎರಡನೆಯ ಸುರುಳಿಗೂ ಮನೆಯ ತಂತಿಗೂ ನೇರವಾದ ಸಂಬಂಧವಿಲ್ಲ. ನಡುವೆ ಇರುವುದು ಕಾಂತಕ್ಷೇತ್ರ ಮಾತ್ರ. ಆದಕಾರಣ ಆ ಕಡೆ ಮನುಷ್ಯನೊಬ್ಬನು ಸಿಕ್ಕಿಬಿದ್ದುದು ಈ ಕಡೆಯ ಕಾವಲುಗಾರನಿಗೆ ತಿಳಿಯುವುದೇ ಇಲ್ಲ.

1891ರಲ್ಲಿ ಟೆಸ್ಲಾ ನಿರ್ಮಿಸಿದ ಸುರುಳಿಯ ವಿಷಯದಲ್ಲಿಯೂ ಒಂದು ತಪ್ಪು ನಂಬಿಕೆಯಿದೆ. ಅದರ ಕಿಡಿಗಳು ಬಲು ಶೀಘ್ರವಾಗಿ ಆಂದೋಳಿಸುವುದರಿಂದ ನರಗಳಿಗೆ ನೋವು ತಿಳಿಯದಿರಬಹುದು. ನೋವಿಲ್ಲವೆಂದ ಮಾತ್ರಕ್ಕೆ ಸುಡುವುದಿಲ್ಲವೆಂದಲ್ಲ. ಅದಕ್ಕೆ ಶಕ್ತಿಯೂಡುವ ಟ್ರಾನ್ಸ್‌ಫಾರ್ಮರಂತೂ ಕೊಲ್ಲಬಲ್ಲದು.

ಹಾಗಾದರೆ ಮಾಡತಕ್ಕದ್ದೇನು? ಒಲೆಯ ಟ್ರಾನ್ಸ್‌ಫಾರ್ಮರನ್ನು ಯಾವ ಪ್ರಯೋಗಕ್ಕೂ ಮನೆಯಲ್ಲಿ ಬಳಸಲೇಬಾರದು. ಲೈಡನ್ ಜಾಡಿಯ ಸಂತತಿಯಾದ ಕೆಪಾಸಿಟರುಗಳು ಸ್ವಿಚ್ಚು ಆರಿಸಿದ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟಿರುವುವು. ಒಮ್ಮೆ ಬರಿದುಮಾಡಿದರೂ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅಷ್ಟಿಷ್ಟು ತಲೆಯೆತ್ತುವುವು. ಆದ್ದರಿಂದ ಬಲ್ಲವರು ಅವುಗಳ ಎರಡು ತುದಿಗಳನ್ನೂ ತಂತಿಯಿಂದ ಕೂಡಿಸಿಯೇ ಇಡುವರು. ಯಾರಾದರೂ ಆಘಾತಕ್ಕೆ ಸಿಕ್ಕಿದರೆ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಅವರನ್ನು ಮುಟ್ಟುವುದು ಆಮೇಲೆ. ಉಸಿರು ನಿಂತಿದ್ದರೆ ತಡಮಾಡದೆ ಎದೆಯನ್ನೊತ್ತುತ್ತ ವೈದ್ಯರನ್ನು ಕರೆಸಬೇಕು. ಆದುದರಿಂದಲೇ ಇಂತಹ ಕೆಲಸದಲ್ಲಿ ಒಬ್ಬಂಟಿಗನಾಗಿ ತೊಡಗಬಾರದು.

ತಂದೆತಾಯಂದಿರಲ್ಲಿ ಒಂದು ಬಿನ್ನಹ. ಮಗುವಿನ ಕುತೂಹಲವನ್ನು ಗದರಿಸಿ ಅಡಗಿಸಬೇಡಿ. ಗದರಿಸಿದ ಕುತೂಹಲವು ಮಾಳಿಗೆಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದು. ಒಂದು ಮೊಳೆ, ಒಂದಿಷ್ಟು ತಂತಿ, ಒಂದು ಸಣ್ಣ ಬ್ಯಾಟರಿ ಇವುಗಳಿಂದ ವಿದ್ಯುತ್ಕಾಂತವನ್ನು ಮಾಡಬಹುದು. ಬಾಚಣಿಗೆಯಿಂದಲೂ ಕಾಗದದ ಚೂರುಗಳಿಂದಲೂ ವಿದ್ಯುತ್ತಿನ ಮೊದಲ ಪಾಠಗಳನ್ನು ಕಲಿಯಬಹುದು. ದೊಡ್ಡ ಕಿಡಿಯನ್ನು ಕಾಣುವ ಹಂಬಲವಿದ್ದರೆ ಕಾಲೇಜಿನ ಪ್ರಯೋಗಶಾಲೆಯಲ್ಲಿ, ಉಪಾಧ್ಯಾಯರ ಸಮಕ್ಷಮದಲ್ಲಿ ಕಾಣಲಿ. ಫ್ರಾಂಕ್ಲಿನ್ನನು ಮೈಮರೆತುದು ಒಂದೇ ಗಳಿಗೆ. ಆ ಒಂದು ಗಳಿಗೆಯಿಂದ ನಮ್ಮ ಮಕ್ಕಳನ್ನು ಕಾಯುವುದು ನಮ್ಮ ಕೈಯಲ್ಲಿದೆ.